ವಿಧಿಸಬೇಡ, ಒಡ್ಡು

ಮಗೂ, ಮಹಡಿ ಮನೆಗೆ ನೀನು ಬರೆದ ಬಾಡಿಗೆ ಕರಾರುಪತ್ರ ಓದಿದೆ. ಮುಂಗಡ, ನೀರಿನ ಲೆಕ್ಕ, ಸುಣ್ಣಬಣ್ಣದ ಖರ್ಚು ಎಲ್ಲ ಸರಿಯಾಗಿದೆ. ಮೊದಲ ಸಾಲಿನಲ್ಲೇ ನನ್ನ ಕಣ್ಣು ನಿಂತಿತು: ‘ಮಾಲೀಕರು ಬಾಡಿಗೆದಾರರಿಗೆ ಈ ಕೆಳಕಂಡ ಷರತ್ತುಗಳನ್ನು ವಿಧಿಸಿದ್ದಾರೆ.’

ವಿಧಿಸುವುದು ಮೇಲಿನಿಂದ ಇಳಿಯುವ ಮಾತು ಕಣಪ್ಪ. ನ್ಯಾಯಾಲಯ ಶಿಕ್ಷೆ ವಿಧಿಸುತ್ತದೆ, ಸರ್ಕಾರ ತೆರಿಗೆ ವಿಧಿಸುತ್ತದೆ. ಜಾಮೀನು ಕೊಡುವಾಗ ಕೋರ್ಟು ಷರತ್ತು ವಿಧಿಸಿತು ಎಂದರೆ ಒಪ್ಪುತ್ತೇನೆ. ನೀನು ಹಾಕಿರುವ 11 ತಿಂಗಳ ಅವಧಿಯನ್ನೇ ನೋಡು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಊರಿಗೆಲ್ಲ 11 ತಿಂಗಳು. ಅಲ್ಲಿ ವಿಧಿಸಿದ್ದು ಕಾನೂನು. ರಾತ್ರಿ ಗೇಟು ಯಾವಾಗ ಹಾಕಬೇಕೆಂಬುದು ನಿನ್ನ ಮಾತು, ಅದನ್ನು ನೀನು ಒಡ್ಡಬೇಕು.

ಒಡ್ಡು ಎಷ್ಟು ಒಳ್ಳೆಯ ಪದ! ಕೈ ಒಡ್ಡುತ್ತೇವೆ, ಬೊಗಸೆ ಒಡ್ಡುತ್ತೇವೆ, ಗಾಳಿಗೆ ಮೈ ಒಡ್ಡುತ್ತೇವೆ. ನಮ್ಮದನ್ನು ಮುಂದೆ ಚಾಚುವುದಷ್ಟೇ; ತೆಗೆದುಕೊಳ್ಳುವುದು, ಬಿಡುವುದು ಎದುರಿಗಿರುವವರಿಗೆ ಸೇರಿದ್ದು. ಷರತ್ತು ಒಡ್ಡಿದರು ಎಂದರೆ ಮಾತುಕತೆಗೆ ಇನ್ನೂ ಜಾಗವಿದೆ. ಷರತ್ತು ಹಾಕಿದರು ಎನ್ನುವುದು ಮನೆಮಾತು, ಅದರಲ್ಲಿ ತುಸು ಹಟವಿದೆ. ಷರತ್ತು ಕಟ್ಟಿದರು ಎಂದೆಯೋ, ಅರ್ಥವೇ ಬೇರೆ, ಅದು ಬಾಜಿ. ಷರತ್ತು ಅರಬಿಯಿಂದ ಬಂದ ಪದ, ಕರಾರೂ ಅಷ್ಟೇ. ಒಡ್ಡು, ಹಾಕು, ಕಟ್ಟು ಮಾತ್ರ ನಮ್ಮವು. ಹೊರಗಿನಿಂದ ಬಂದ ಒಂದೇ ನಾಮಪದಕ್ಕೆ ಅವು ಮೂರು ಬೇರೆ ಬೇರೆ ಮನಸ್ಸು ಕೊಟ್ಟಿವೆ.

ಇಂಥ ಸಂದೇಹ ಬಂದರೆ ಕೇಳುವುದಕ್ಕೆ ನಮ್ಮ ಕಡೆಯವರಿಗೆ ಜಯನಗರದಲ್ಲೇ ಜಿ. ವೆಂಕಟಸುಬ್ಬಯ್ಯನವರಿದ್ದರು. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ತಾಳ್ಮೆಯಿಂದ ಉತ್ತರ ಬರೆದವರು. 2021ರಲ್ಲಿ, 107ರ ವಯಸ್ಸಿನಲ್ಲಿ ತೀರಿಕೊಂಡರು. ಪದವನ್ನು ತೂಗಿ ನೋಡುವ ಅಭ್ಯಾಸ ನಮಗಾದರೂ ಉಳಿಯಲಿ ಎಂದು ನನ್ನ ಆಸೆ.

ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ. ಗೇಟು ಒಂದೇ, ಸಂಪೂ ಒಂದೇ. ದಿನಾ ಬೆಳಗ್ಗೆ ಮುಖ ನೋಡಬೇಕಾದವರಿಗೆ ‘ವಿಧಿಸಿದ್ದೇವೆ’ ಎಂದು ಬರೆದುಕೊಡುವುದು ನನಗೆ ಸಂಕಟವಾಗುತ್ತದೆ. ‘ಈ ಕೆಳಕಂಡ ಷರತ್ತುಗಳಿಗೆ ಉಭಯತ್ರರೂ ಒಪ್ಪಿ ಕರಾರು ಮಾಡಿಕೊಂಡಿದ್ದೇವೆ’ ಎಂದು ತಿದ್ದು. ಆ ‘ಕೊಂಡಿದ್ದೇವೆ’ ಇದೆಯಲ್ಲ, ಅದರೊಳಗೆ ಅವರೂ ಇದ್ದಾರೆ. ಇ-ಸ್ಟ್ಯಾಂಪು ತರುವ ಮೊದಲು ಅವರನ್ನು ಕೂರಿಸಿಕೊಂಡು ಒಂದು ಸಲ ಓದು. ಗೇಟಿನ ಹೊತ್ತು ಹತ್ತು ಅಂತ ಬರೆದಿದ್ದೀಯ. ಬಾಡಿಗೆಗೆ ಬರುವ ಆ ಹುಡುಗಿಗೆ ರಾತ್ರಿ ಪಾಳಿ ಇದೆಯಂತೆ, ಕೇಳು.