ಆಯುವ ಕೈ, ಬೆರೆಸುವ ಕೈ

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಕೊಂಡಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಹೇಳಿದಳೆಂದೂ ಇರುವ ಕಥೆ ವಾಚಕರಿಗೆ ತಿಳಿದುದೇ ಆಗಿದೆ. ಆಶೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಅದನ್ನು ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಸಂಗತಿಯೂ ಉಂಟು. ಆಯುವ ಕೆಲಸವು ಹೀನವಾದುದೆಂದು ಅಲ್ಲಿ ಯಾರೂ ಬಗೆಯಲಿಲ್ಲ.

ಆಯುವುದರಿಂದಲೇ ಬಾಳುವ ಸಾವಿರಾರು ಜನರು ಇಂದಿನ ಬೆಂಗಳೂರಿನಲ್ಲಿಯೂ ಇದ್ದಾರೆ. ಶಿವಾಜಿನಗರದ ಸಂದಿಗಳಲ್ಲಿ, ಹಲಸೂರಿನ ಬೀದಿಗಳಲ್ಲಿ ಹೆಗಲಿಗೆ ಚೀಲವನ್ನು ಹಾಕಿಕೊಂಡು ಬೆಳಗಾಗುವ ಮೊದಲೇ ಹೊರಡುವ ಇವರು ಆಯುವುದು ಗೃಹಸ್ಥರು ಬಿಸುಟ ಕಾಗದ, ಶೀಸೆ, ಪ್ಲಾಸ್ಟಿಕ್ಕುಗಳನ್ನು. ಮಾರಯ್ಯನ ಅಕ್ಕಿಗೆ ಬೆರೆತರೆ ಮಣ್ಣು ಬೆರೆತೀತು. ಇವರ ಪಾಲಿನ ಕಾಗದಕ್ಕೆ ಹಳಸಿದ ಸಾರು, ಹಸುಳೆಯ ಮಲ, ಒಡೆದ ಗಾಜು ಬೆರೆತಿರುತ್ತವೆ. ಬೆರೆಸಿದವರು ಯಾರು? ಅಡುಗೆಮನೆಯಲ್ಲಿ ಬುಟ್ಟಿಯ ಮುಂದೆ ಒಂದು ಕ್ಷಣ ನಿಂತವರು. ಆ ಕ್ಷಣದಲ್ಲಿ ಬೇರೆಯಾಗಿಯೇ ಇದ್ದುದನ್ನು ಬೇರೆಯಾಗಿ ಇಡುವುದಕ್ಕೆ ಶ್ರಮವಿಲ್ಲ. ಒಮ್ಮೆ ಬೆರೆತ ಮೇಲೆ ಅದನ್ನು ಬಿಡಿಸಲು ಮತ್ತೊಬ್ಬರ ಕೈ ಮಲಿನವಾಗಲೇಬೇಕು.

ಬೆರೆತ ಕಸದ ಗತಿಯೇನೆಂಬುದನ್ನು ಕೃಷ್ಣರಾಜಪುರದ ಆಚೆಗಿನ ಮಂಡೂರಿನವರು ಬಲ್ಲರು. ನಗರದ ಕಸವು ವರ್ಷಗಟ್ಟಲೆ ಆ ಊರಿನ ಬಳಿ ಬೆಟ್ಟವಾಗಿ ಬೆಳೆಯಿತು. ದುರ್ಗಂಧವನ್ನೂ ನೊಣಗಳ ಕಾಟವನ್ನೂ ತಾಳಲಾರದೆ ಗ್ರಾಮಸ್ಥರು ಲಾರಿಗಳನ್ನು ತಡೆದು ಚಳವಳಿ ಹೂಡಿದರು. 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಇಂದಿರಾನಗರದ ಒಂದು ಮನೆಯ ಬುಟ್ಟಿಗೂ ಮಂಡೂರಿನ ಬಾವಿಯ ನೀರಿಗೂ ಸಂಬಂಧವಿದೆಯೆಂದು ಅದಕ್ಕೆ ಮೊದಲು ಎಷ್ಟು ಜನ ನಗರವಾಸಿಗಳು ಎಣಿಸಿದ್ದರೋ!

ಮೂಲದಲ್ಲಿಯೇ ಬೇರ್ಪಡಿಸಬೇಕೆಂದು ಉಚ್ಚ ನ್ಯಾಯಾಲಯವು 2012ರಲ್ಲಿ ಆದೇಶಿಸಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಗೊತ್ತುಪಡಿಸಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಶೌಚಸಂಬಂಧವಾದ ತ್ಯಾಜ್ಯಕ್ಕೆ, ಚೀಲ ಒಣ ಕಸಕ್ಕೆ.

ಕ್ರಮವು ಸುಲಭವಾದರೂ ತಪ್ಪುಗಳು ಸಣ್ಣ ಸಣ್ಣ ಕಡೆಗಳಲ್ಲಿ ನುಸುಳುತ್ತವೆ. ತರಕಾರಿಯ ಸಿಪ್ಪೆ, ಉಳಿದ ಅನ್ನ, ಚಹದ ಚರಟ, ಪೂಜೆಯ ಹೂವು, ಬಾಳೆಲೆ ಇವೆಲ್ಲ ಹಸಿರು ಬುಟ್ಟಿಗೆ ಸೇರತಕ್ಕವು. ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಹಾಕುವವರು ಶುಚಿಯಾಗಿ ನಡೆದುಕೊಂಡೆವೆಂದು ಭಾವಿಸುತ್ತಾರೆ. ಆ ಚೀಲದ ಚೂರುಗಳು ಗೊಬ್ಬರದೊಡನೆ ಹೊಲವನ್ನು ಸೇರುತ್ತವೆ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ನಗರದ ಕಸದಿಂದ ದಶಕಗಳ ಕಾಲ ಗೊಬ್ಬರ ಮಾಡಿತು. ಆದರೆ ಪ್ಲಾಸ್ಟಿಕ್ಕೂ ಗಾಜೂ ಹೊಳೆಯುವ ಗೊಬ್ಬರವನ್ನು ಯಾವ ರೈತನು ಮೆಚ್ಚುವನು? ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿಯೇ ಚೀಲಕ್ಕೆ ಹಾಕಬೇಕು. ತೊಳೆಯದೆ ಹಾಕಿದ ಒಂದು ಪೊಟ್ಟಣ ಸಾಕು, ಚೀಲದ ಕಾಗದವೆಲ್ಲ ನಾತ ಹಿಡಿದು ಬೆಲೆಗೆಡುತ್ತದೆ. ಕೆಂಪು ಬುಟ್ಟಿಯ ಪದಾರ್ಥವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಬೇಕು. ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಗಳು ಈ ಮೂರರಲ್ಲಿ ಯಾವುದಕ್ಕೂ ಸೇರದೆ ಪ್ರತ್ಯೇಕವಾಗಿಯೇ ಇರಬೇಕು.

“ಗಾಡಿಯವರು ಹೇಗೂ ಎಲ್ಲವನ್ನೂ ಒಂದೇ ಮಾಡುತ್ತಾರೆ, ನಾವು ಬೇರ್ಪಡಿಸಿ ಫಲವೇನು?” ಎಂಬ ಮಾತು ದಂಡು ಪ್ರದೇಶದ ಮನೆಮನೆಗಳಲ್ಲಿ ಕೇಳಿಬರುತ್ತದೆ. ಮಾತು ಪೂರ್ಣವಾಗಿ ಸುಳ್ಳಲ್ಲ. ಹಾಗೆ ಬೆರೆಸುವ ಗಾಡಿಗಳೂ ಉಂಟು. ಆದರೆ ಬೇರ್ಪಡಿಸಿ ಕೊಟ್ಟವನಿಗೆ ಮಾತ್ರ ಗಾಡಿಯನ್ನು ನಿಲ್ಲಿಸಿ ಪ್ರಶ್ನಿಸುವ ಬಾಯಿರುತ್ತದೆ. ಬೆರೆಸಿ ಕೊಟ್ಟವನು ಏನೆಂದು ದೂರುವನು? ಅಲ್ಲದೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಏರ್ಪಟ್ಟಿವೆ. ಅವುಗಳಲ್ಲಿ ಹಲವನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯ್ದವರೇ. ಕಸ ಆಯುವವರ ಸಂಘಟನೆಯಾದ ಹಸಿರು ದಳವು ಇವರ ಬೆನ್ನಿಗೆ ನಿಂತಿದೆ. ಅಲ್ಲಿ ಕಾಗದ, ರಟ್ಟು, ಬಗೆಬಗೆಯ ಪ್ಲಾಸ್ಟಿಕ್ಕು ಒಂದೊಂದೂ ಬೇರೆಯಾಗಿ ತೂಗಿ ಮಾರಾಟವಾಗುತ್ತದೆ. ಚೀಲ ಒಣಗಿದ್ದರೆ ಅದು ಅವರ ದಿನದ ಗಳಿಕೆ, ನೆನೆದಿದ್ದರೆ ಹೊರಲಾಗದ ಹೊರೆ.

ಒಡೆದ ಗಾಜಿದ್ದ ದಿನ ಅದನ್ನು ದಪ್ಪ ಕಾಗದದಲ್ಲಿ ಸುತ್ತಿ, ಪೌರಕಾರ್ಮಿಕರ ಕೈಗೆ ಕೊಡುವಾಗ “ಇದರಲ್ಲಿ ಗಾಜಿದೆಯಮ್ಮ” ಎಂದು ತಿಳಿಸತಕ್ಕದ್ದು.