ಕಬಿನಿ ಹಿನ್ನೀರಿನಲ್ಲಿ ಕಲಿತ ಆನೆಪಾಠ

ಆನೆ ಎಂದರೆ ಸುಳ್ಯದ ಕಾಡಂಚಿನ ನಮಗೆ ಮುರಿದ ಬಾಳೆ, ಕಿತ್ತು ಬಿಸಾಡಿದ ಎಳೆ ಅಡಿಕೆ ಗಿಡ, ನಿದ್ದೆಗೆಟ್ಟ ರಾತ್ರಿ. ಅಷ್ಟು ದೊಡ್ಡ ಕಾಡು ಬಿಟ್ಟು ಅವು ತೋಟಕ್ಕೆ ಬರುವುದು ಎಂತಕ್ಕೆ? ಈ ಪ್ರಶ್ನೆ ಹೊತ್ತುಕೊಂಡು ಒಂದು ಏಪ್ರಿಲಿನಲ್ಲಿ ಭಾವನೊಟ್ಟಿಗೆ ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿಗೆ ಹೋದೆ.

ಬೀಚನಹಳ್ಳಿ ಹತ್ತಿರ 1974ರಲ್ಲಿ ಅಣೆಕಟ್ಟು ಎದ್ದ ಮೇಲೆ ಇಲ್ಲಿ ಕಾಡೂ ಹಳ್ಳಿಗಳೂ ಗದ್ದೆಗಳೂ ಮುಳುಗಿದವು. ನೀರಿನ ಬಡಗು ದಡ ನಾಗರಹೊಳೆ, ತೆಂಕು ದಡ ಬಂಡೀಪುರ. ಇದೇ ಕಾಕನಕೋಟೆ ಕಾಡಿನಲ್ಲಿ ಹಿಂದೆ ಖೆಡ್ಡಾ ಮಾಡಿ ಆನೆ ಹಿಡಿಯುತ್ತಿದ್ದರು; ಕೊನೆಯದು ನಡೆದದ್ದು 1971ರಲ್ಲಿ.

ಕಾಡೊಳಗೆ ನಡೆದು ಸುತ್ತಲು ಬಿಡುವುದಿಲ್ಲ. ದಮ್ಮನಕಟ್ಟೆಯಿಂದ ಸಫಾರಿ ವಾಹನದಲ್ಲಿ ಹೋದೆವು. ಸಂಜೆ ಹೊತ್ತಿಗೆ ಹಿನ್ನೀರಿನ ಬಯಲಿಗೆ ಆನೆಗಳು ಮರಿಗಳೊಟ್ಟಿಗೆ ಇಳಿದವು. ಎಣಿಸುತ್ತಾ ಹೋದೆ, 60 ದಾಟಿದ ಮೇಲೆ ಲೆಕ್ಕ ತಪ್ಪಿತು.

ಹುಲ್ಲಿನ ಗುಟ್ಟು

ಕೆರೆಯಂಗಳದಲ್ಲಿ ಸೌತೆ, ಬದನೆ ಬೆಳೆದವರಿಗೆ ಇದು ಬೇಗ ಅರ್ಥವಾದೀತು. ಬೇಸಿಗೆಯಲ್ಲಿ ಕಾಲುವೆಗೂ ನದಿಗೂ ನೀರು ಬಿಟ್ಟಂತೆ ಜಲಾಶಯ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ. ಮೇಲೆದ್ದ ನೆಲದಲ್ಲಿ ಗೋಡು ಉಂಟು, ತೇವ ಉಂಟು, ಬಿಸಿಲು ಉಂಟು. ಹುಲ್ಲು ಚಿಗುರುತ್ತದೆ. ಒಂದು ಪಟ್ಟಿ ಬಲಿಯುವಾಗ ಕೆಳಗಿನ ಪಟ್ಟಿಯಲ್ಲಿ ಹೊಸ ಚಿಗುರು. ಪಾಳಿಯ ಮೇಲೆ ದನ ಮೇಯಿಸಿದ ಹಾಗೆ! ಸುತ್ತಲ ಕಾಡು ಒಣಗಿ ನಿಂತ ಕಾಲದಲ್ಲಿ ಎಳೆಹುಲ್ಲು ಮತ್ತು ನೀರು ಒಂದೇ ಕಡೆ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಬಾರದೆ ಏನು ಮಾಡೀತು?

ಕಾಡೊಳಗೆ ಲಂಟಾನ, ಕಮ್ಯುನಿಸ್ಟ್ ಗಿಡ ಹಬ್ಬಿದ ಕಡೆ ಹುಲ್ಲು ಏಳುವುದೇ ಇಲ್ಲ. ಬಿದಿರು ಹೂಬಿಟ್ಟು ಸತ್ತ ವರ್ಷಗಳಲ್ಲಿ ಮೇವಿನ ಕೊರತೆ ಇನ್ನೂ ಹೆಚ್ಚು. 2023ರ ಎಣಿಕೆಯಂತೆ ಬಂಡೀಪುರದಲ್ಲಿ 1116, ನಾಗರಹೊಳೆಯಲ್ಲಿ 831 ಆನೆಗಳು.

ಮಳೆ ಬಂದ ಮೇಲೆ

ಕಾಡಂಚಿನ ಹಳ್ಳಿಯೊಂದರಲ್ಲಿ ಚಹಾ ಕುಡಿಯುವಾಗ ಹಿರಿಯ ರೈತರೊಬ್ಬರು ಹೇಳಿದರು: "ನೀರು ಇಳಿದಾಗ ನಮಗೆ ವಸಿ ನಿದ್ದೆ ಸ್ವಾಮಿ. ರಾಗಿ ತೆನೆ ಕಟ್ಟಿದಾಗ ಅಟ್ಟಣೆ ಮೇಲೇ ವಾಸ." ಮಳೆಗೆ ಜಲಾಶಯ ತುಂಬಿದರೆ ಆ ಹುಲ್ಲುಗಾವಲು ಮುಳುಗುತ್ತದೆ, ಆನೆಗಳು ಚದುರುತ್ತವೆ. ಹೊಲದಲ್ಲಿ ರಾಗಿ ಹಣ್ಣಾಗುವಾಗ ಕಾಡಿನ ಹುಲ್ಲು ಬಲಿತು ಒರಟಾಗಿರುತ್ತದೆ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ಬೇಲಿ ಇದ್ದರೂ ಸಡಿಲ ಸಿಕ್ಕಲ್ಲಿ ನುಗ್ಗುತ್ತವೆ. ಅವುಗಳಿಗೆ ನಮ್ಮ ಮೇಲೆ ಹಗೆ ಇಲ್ಲ. ಕಡಿಮೆ ನಡಿಗೆಗೆ ಹೆಚ್ಚು ರುಚಿ ಎಲ್ಲಿ ಉಂಟೋ ಅಲ್ಲಿಗೆ ಹೋಗುತ್ತವೆ, ಅಷ್ಟೆ.

ಮನೆಗೆ ತಂದ ಪಾಠ

ಊರಿಗೆ ಬಂದವನೇ ಆನೆ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸತೊಡಗಿದೆ. ಹಲಸು ಹಣ್ಣಾಗುವಾಗಲೇ ಭೇಟಿ ಹೆಚ್ಚು. ಈಗ ಕಾಡಿನ ಬದಿಯ ಮರಗಳ ಹಲಸನ್ನು ಗುಜ್ಜೆಯಲ್ಲೇ ಕೊಯ್ಯುತ್ತೇನೆ. ಗಡಿಯಲ್ಲಿದ್ದ ಬಾಳೆಯನ್ನು ಮನೆ ಹತ್ತಿರಕ್ಕೆ ತಂದೆ. ಆನೆ ಬರುವುದು ನಿಂತಿತು ಎಂದರೆ ಸುಳ್ಳಾದೀತು. ಆದರೆ ಬಂದದ್ದು ನಿಲ್ಲದೆ ದಾಟಿ ಹೋಗುವುದುಂಟು. ಅದೇ ನನಗೆ ಲಾಭ.

ನೀವೂ ಒಮ್ಮೆ ಹೋಗಿ ನೋಡಿ. ಮಾರ್ಚಿಯಿಂದ ಮೇವರೆಗೆ ಒಳ್ಳೆ ಸಮಯ. ಹೊರಡುವ ಮೊದಲು ಸಫಾರಿ ಉಂಟೋ ಎಂದು ವಿಚಾರಿಸಿ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ನಿಲ್ಲಿಸಿದ್ದರು. ನಾವು ಮೋಜಿಗೆ ನೋಡುವ ಕಾಡಿನ ಅಂಚಿನಲ್ಲಿ ನಮ್ಮಂಥವರೇ ಜೀವ ಕೈಯಲ್ಲಿ ಹಿಡಿದು ಬೇಸಾಯ ಮಾಡುತ್ತಿದ್ದಾರೆ. ಆನೆ ನೋಡಿ ಹಿಂತಿರುಗುವಾಗ ಅವರ ಹತ್ತಿರವೂ ನಾಲ್ಕು ಮಾತಾಡಿ ಬನ್ನಿ. ಅರ್ಧ ಪಾಠ ಅಲ್ಲೇ ಉಂಟು.