ನೆಲಕ್ಕೆ ಬಣ್ಣ ಹಿಡಿಯಬೇಕಾದರೆ

ಧರ್ಮಪುರಿಯಲ್ಲಿ ಮನೆ ಕಟ್ಟಿಸುತ್ತಿರುವ ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಟೈಲ್ಸ್ ಬೇಡ, ಕಾಂಕ್ರೀಟ್ ನೆಲಕ್ಕೇ ಆಸಿಡ್ ಸ್ಟೇನ್ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಇದು ಅಜ್ಜಿಮನೆಯ ರೆಡ್ ಆಕ್ಸೈಡ್ ನೆಲದಂಥದ್ದಲ್ಲ. ಅಲ್ಲಿ ಕೆಂಪು ಪುಡಿಯನ್ನು ಸಿಮೆಂಟಿನಲ್ಲೇ ಕಲಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಆಸಿಡ್ ಸ್ಟೇನ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಲೋಹದ ಲವಣಗಳು. ಗಟ್ಟಿಯಾದ ಕಾಂಕ್ರೀಟಿನಲ್ಲಿ ಉಳಿದಿರುವ ಸುಣ್ಣದ ಜೊತೆ ಅವು ವರ್ತಿಸಿದಾಗ ಬಣ್ಣ ಹುಟ್ಟುತ್ತದೆ. ಸುಣ್ಣ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಕಂದು, ನೀಲಿಹಸಿರು ಬಣ್ಣಗಳು ಮೋಡ ಮೋಡವಾಗಿ ಮೂಡುತ್ತವೆ. ಅಚ್ಚಗೆಂಪು ಸಿಗದು.

ಸುಣ್ಣವಿಲ್ಲದ ನೆಲಕ್ಕೆ ಈ ಬಣ್ಣ ಹತ್ತುವುದೇ ಇಲ್ಲ. ಅಂಥ ನೆಲಕ್ಕೊಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಪಕ್ಕದ ಸೇಲಂನ ಚಾಕ್ ಹಿಲ್ಸ್‌ನಲ್ಲಿ ಮ್ಯಾಗ್ನೆಸೈಟ್ ಅದಿರಿದೆ. ಅದನ್ನು ಸುಟ್ಟು ಬಂದ ಪುಡಿಗೆ ಮೆಗ್ನೀಷಿಯಂ ಕ್ಲೋರೈಡ್ ದ್ರಾವಣ ಬೆರೆಸಿದರೆ ಸೋರೆಲ್ ಸಿಮೆಂಟ್ ಆಗುತ್ತದೆ. ಅದನ್ನು 1867ರಲ್ಲಿ ಕಂಡುಹಿಡಿದದ್ದು ಫ್ರಾನ್ಸಿನ ಸೋರೆಲ್. ನೆಲಕ್ಕೆ ಬಳಕೆಯಲ್ಲಿತ್ತಾದರೂ ಸುಣ್ಣವಿರುವ ಸಿಮೆಂಟಿನಂತೆ ಅದು ಸ್ಟೇನ್ ಹಿಡಿಯುವುದಿಲ್ಲ.

ಇನ್ನು ತಯಾರಿಯ ವಿಷಯ. ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡಿಸು, 28 ದಿನ ತುಂಬುವವರೆಗೆ ಸ್ಟೇನ್ ಮುಟ್ಟಬೇಡ. ಗೋಡೆಗೆ ಪೇಂಟ್ ಹೊಡೆಯುವಾಗ ನೆಲಕ್ಕೆ ಬಿದ್ದ ಹನಿ, ಎಣ್ಣೆ, ಮೇಣ, ಯಾವುದೂ ಉಳಿಯಬಾರದು. ನೀರು ಚಿಮುಕಿಸಿ ನೋಡು. ಹೀರಿಕೊಂಡು ಕಪ್ಪಾದರೆ ಸರಿ. ಮಣಿಮಣಿಯಾಗಿ ನಿಂತರೆ ಮೇಲೆ ಏನೋ ಪದರವಿದೆ, ಉಜ್ಜಿ ತೆಗೆಸಬೇಕು.

ಕೆಲಸ ಮುಗಿಸುವಾಗ ಮೇಸ್ತ್ರಿ ಅಂಗಡಿಯಿಂದ ಆಸಿಡ್ ತಂದು ನೆಲ ತೊಳೆಯಲು ಹೊರಡುತ್ತಾನೆ. ಬೇಡ ಅನ್ನು. ಬಣ್ಣಕ್ಕೆ ಬೇಕಾದ ಸುಣ್ಣವನ್ನೇ ಅದು ತಿಂದುಹಾಕುತ್ತದೆ.

ಮೊದಲು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಪರೀಕ್ಷೆ ಮಾಡು. ಕಿಟಕಿ ತೆರೆದಿಡು, ಕೈಗವಸು ಮತ್ತು ಕನ್ನಡಕ ಹಾಕು, ಪ್ಲಾಸ್ಟಿಕ್ ಸ್ಪ್ರೇಯರ್ ಬಳಸು. ತೆಳುವಾಗಿಸಬೇಕಾದರೆ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರನ್ನಲ್ಲ. ಬ್ಲೀಚಿಂಗ್ ಪುಡಿ ಹತ್ತಿರವೂ ಬರಕೂಡದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಸ್ಟೇನ್ ಹಾಕಿದ ಮೇಲೆ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆಸು. ಕೊನೆಗೆ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಅದಕ್ಕೆ ಪುಡಿ ಅಂಟಬಾರದು. ನೆಲ ಚೆನ್ನಾಗಿ ಒಣಗಿದ ಮೇಲೆ ಸೀಲರ್. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಕಡೆ ಬಿಳಿ ಕಲೆ ಉಳಿಯುತ್ತದೆ, ಕಡೆಯ ತೊಳೆತಕ್ಕಾದರೂ ಮಳೆನೀರು ಅಥವಾ ನಲ್ಲಿನೀರು ಹಿಡಿದಿಡು.

ಮೂಲೆಯ ಪರೀಕ್ಷೆ ಆದಮೇಲೆ ಫೋಟೊ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ